ಚಿತ್ರವನ್ನೂ ಓದಬೇಕು
(ಹಳೆಯ ಚಿತ್ರಕಥೆಗಳ ಪರಿಚಯ)



ಈ ಸಲದ ಪಾಠ ಲೇಖನ ಬರೆಯುವ ಸರದಿ ನನ್ನದು. ಚಿತ್ರಕಥೆಗಳ ಬಗ್ಗೆ, ಅಂದರೆ ಕಾಮಿಕ್ಸ್ ಬಗ್ಗೆ ಬರೀತೀನಿ ಅಂದಾಗ ತರಗತಿಯಲ್ಲಿ ಕೆಲವರು ನಕ್ಕರು. "ಚಿತ್ರ ನೋಡೋದಕ್ಕೂ ಪಾಠ ಬೇಕಾ?" ಅಂದರು. ಮೂರು ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ನನಗೆ ಚಿತ್ರ ಓದಲು ಬರುವುದಿಲ್ಲ ಎಂದು ತೋರಿಸಿಕೊಟ್ಟಿದ್ದು ಅಕ್ಷರ ಬಾರದ ನಮ್ಮ ಅಜ್ಜಿ. ಅದು ಹೇಗೆ ಅಂತ ಮೊದಲು ಹೇಳುತ್ತೇನೆ.

ಟ್ರಂಕಿನಲ್ಲಿ ಸಿಕ್ಕಿದ್ದು

ಯುಗಾದಿಗೆ ಸುಣ್ಣ ಹೊಡೆಯಲು ಅಟ್ಟದ ಸಾಮಾನೆಲ್ಲ ಕೆಳಗಿಳಿಸಿದೆವು. ಅದರಲ್ಲಿ ದೊಡ್ಡಪ್ಪನ ತಗಡಿನ ಟ್ರಂಕು ಇತ್ತು. ಅವರು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗಿನದು. ಒಳಗೆ ಹಳೇ ನೋಟ್ಸು, ಒಂದು ಮಫ್ಲರು, ಅವುಗಳ ಅಡಿಯಲ್ಲಿ ಹದಿನಾಲ್ಕು ಚಿತ್ರಕಥೆ ಪುಸ್ತಕಗಳು! ಒಂಬತ್ತು ಅಮರ ಚಿತ್ರ ಕಥೆ, ಎರಡು ಇಂದ್ರಜಾಲ ಕಾಮಿಕ್ಸ್. ಉಳಿದ ಮೂರಕ್ಕೆ ಮುಖಪುಟವೇ ಇಲ್ಲ, ಮೂಲೆಯನ್ನು ಇಲಿ ಕಡಿದಿತ್ತು. ಹಾಳೆ ಹಳದಿಯಾಗಿ, ಮುಟ್ಟಿದರೆ ಪುಡಿಯಾಗುವ ಹಾಗಿದ್ದವು. ದೊಡ್ಡಪ್ಪನಿಗೆ ಫೋನು ಮಾಡಿದರೆ, "ಇನ್ನೂ ಇದಾವಾ? ತಿಂಡಿ ದುಡ್ಡು ಉಳಿಸಿ ಬಸ್ ಸ್ಟ್ಯಾಂಡಿನಲ್ಲಿ ತಗೊಂಡಿದ್ದೆ ಕಣವ್ವ. ಜೋಪಾನ" ಅಂದರು.

ನಾನು ಒಂದೇ ಮಧ್ಯಾಹ್ನ ಐದು ಪುಸ್ತಕ ಮುಗಿಸಿದೆ. ಹೇಗೆ ಅಂತೀರಾ? ಬರೀ ಅಕ್ಷರ ಓದಿಕೊಂಡು ಹೋದೆ. ಚಿತ್ರದ ಮೇಲೆ ಕಣ್ಣು ಹಾಯಿಸಿದ್ದಷ್ಟೇ.

ಸಂಜೆ ಅಜ್ಜಿ ಸೊಪ್ಪು ಸೋಸುತ್ತಾ ಕೂತಿದ್ದರು. ಮುಖಪುಟವಿಲ್ಲದ ಒಂದು ಪುಸ್ತಕದಿಂದ ಕೃಷ್ಣ ಹುಟ್ಟಿದ ಕಥೆಯನ್ನು ಅವರಿಗೆ ಓದಿ ಹೇಳಿದೆ. ವಸುದೇವ ಮಗುವನ್ನು ಬುಟ್ಟಿಯಲ್ಲಿಟ್ಟು ಸೆರೆಮನೆಯಿಂದ ಹೊರಟ ಅಂದೆ. ಅಜ್ಜಿ ಕೇಳಿದರು, "ಕಾವಲಿನವ್ರು ಏನು ಮಾಡ್ತಿದ್ರು?"

"ಅದು ಬರೆದಿಲ್ಲ ಅಜ್ಜಿ."

ಅಜ್ಜಿ ಕೈ ಒರೆಸಿಕೊಂಡು ಪುಸ್ತಕ ಹತ್ತಿರ ಎಳೆದುಕೊಂಡರು. "ಬರೆದಿಲ್ಲ ಅಂದ್ರೇನೇ? ಇಲ್ಲಿ ನೋಡು, ಕಣ್ಣು ಮುಚ್ಚೈತೆ. ಭರ್ಜಿ ಕೈಯಿಂದ ಜಾರೈತೆ. ನಿದ್ದೆ ಹೋಗವ್ರೆ." ಆಮೇಲೆ ಮುಂದಿನ ಚಿತ್ರಕ್ಕೆ ಬೆರಳು ಇಟ್ಟರು. "ಇಲ್ಲಿ ನೀರು ಮಂಡಿ ಮಟ್ಟ. ಇಲ್ಲಿ ಕುತ್ತಿಗೆ ಮಟ್ಟ. ನಡುವೆ ಎಷ್ಟು ಹೆಜ್ಜೆ ಇಟ್ಟಿರಬೇಕು ಆ ಮನುಷ್ಯ!"

ನನಗೆ ನಾಚಿಕೆಯಾಯಿತು. ಅದು ಎರಡನ್ನೂ ನಾನು ನೋಡಿಯೇ ಇರಲಿಲ್ಲ.

ಅಜ್ಜಿಗೆ ಯಾರು ಕಲಿಸಿದರು?

"ನಿನಗೆ ಇದು ಹೇಗೆ ಗೊತ್ತಾಗುತ್ತೆ ಅಜ್ಜಿ?" ಅಂದೆ. "ಅಮೃತಾಪುರದ ಗುಡಿ ಗೋಡೇಲಿ ಹಿಂಗೇ ಅಲ್ವೇನೆ ಇರೋದು? ನಮ್ಮಪ್ಪ ಎತ್ಕೊಂಡು ತೋರಿಸ್ತಿದ್ದ" ಅಂದರು.

ಅಮೃತಾಪುರ ನಮ್ಮ ತರೀಕೆರೆ ತಾಲ್ಲೂಕಿನಲ್ಲೇ ಇದೆ. ಅಲ್ಲಿಯ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದ್ದು ಕ್ರಿ.ಶ. 1196ರಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಅದರ ಹೊರಗೋಡೆಯಲ್ಲಿ 140 ಚೌಕಗಳಲ್ಲಿ ಕಥೆ ಕೆತ್ತಿದ್ದಾರೆ. ದಕ್ಷಿಣದ ಕಡೆ ರಾಮಾಯಣದ 70 ಚೌಕ. ಉತ್ತರದ ಕಡೆ ಕೃಷ್ಣನ ಕಥೆಯ 25, ಮಹಾಭಾರತದ 45.

ಇಲ್ಲಿ ಒಂದು ವಿಶೇಷವಿದೆ. ರಾಮಾಯಣದ ಚೌಕಗಳು ಪ್ರದಕ್ಷಿಣೆಗೆ ಎದುರು ದಿಕ್ಕಿನಲ್ಲಿ ಸಾಗುತ್ತವೆ. ಗೋಡೆಗೆ ಮುಖ ಮಾಡಿ ನಿಂತರೆ ಕಥೆ ನಾವು ಕನ್ನಡ ಓದುವ ಹಾಗೆ ಎಡದಿಂದ ಬಲಕ್ಕೆ ಹೋಗುತ್ತದೆ. ಉತ್ತರದ ಗೋಡೆಯಲ್ಲಿ ಕಥೆ ಪ್ರದಕ್ಷಿಣೆಯ ದಿಕ್ಕಿನಲ್ಲೇ ಇದೆ. ಅಲ್ಲಿ ಎದುರು ನಿಂತರೆ ಬಲದಿಂದ ಎಡಕ್ಕೆ ಓದಬೇಕು. ದಿಕ್ಕು ತಿಳಿಯದೆ ಹೊರಟರೆ ಕಥೆ ಹಿಂದುಮುಂದಾಗುತ್ತದೆ. ಜಪಾನಿನ ಚಿತ್ರಕಥೆಗಳಿಗೆ ಮಾಂಗಾ ಎನ್ನುತ್ತಾರೆ, ಅವನ್ನೂ ಬಲದಿಂದ ಎಡಕ್ಕೇ ಓದಬೇಕು. ಆದ್ದರಿಂದ ಚಿತ್ರಕಥೆ ಓದುವ ಮೊದಲ ನಿಯಮ: ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ತಿಳಿದುಕೊಳ್ಳುವುದು.

ಅಚ್ಚಿನ ಚಿತ್ರಕಥೆಗಳ ಹುಟ್ಟು

ಇಲ್ಲಿಂದ ಮುಂದಿನ ವಿಷಯಗಳನ್ನು ಕನ್ನಡ ಮೇಡಂ ಹೇಳಿದ್ದು ಮತ್ತು ಗ್ರಂಥಾಲಯದಲ್ಲಿ ಓದಿದ್ದು ಸೇರಿಸಿ ಬರೆದಿದ್ದೇನೆ.

ಇಂದಿನ ರೀತಿಯ ಚಿತ್ರಕಥೆಯನ್ನು ಮೊದಮೊದಲು ಮಾಡಿದವರಲ್ಲಿ ಒಬ್ಬರು ಶಾಲೆಯ ಮೇಷ್ಟ್ರು! ಅವರ ಹೆಸರು ರೊಡೋಲ್ಫ್ ಟಾಪ್ಫರ್, ಊರು ಸ್ವಿಟ್ಜರ್‌ಲೆಂಡಿನ ಜಿನೀವಾ. ತಮ್ಮ ವಿದ್ಯಾರ್ಥಿಗಳನ್ನು ನಗಿಸಲು ಸಾಲುಸಾಲಾಗಿ ಚಿತ್ರ ಬರೆದು ಕೆಳಗೆ ಮಾತು ಸೇರಿಸುತ್ತಿದ್ದರು. 1830ರ ದಶಕದಲ್ಲಿ ಅವು ಅಚ್ಚಾದವು.

ದೊಡ್ಡಪ್ಪನ ಟ್ರಂಕಿನಲ್ಲಿದ್ದ ಇಂದ್ರಜಾಲ ಕಾಮಿಕ್ಸ್ ನಮ್ಮ ದೇಶದಲ್ಲಿ ಶುರುವಾಗಿದ್ದು 1964ರ ಮಾರ್ಚ್‌ನಲ್ಲಿ, ನಿಂತದ್ದು 1990ರಲ್ಲಿ. ಅದರ ಮುಖ್ಯ ನಾಯಕ ಮುಖವಾಡ ಹಾಕಿದ ಫ್ಯಾಂಟಮ್. ಅವನನ್ನು 1936ರಲ್ಲಿ ಸೃಷ್ಟಿಸಿದವರು ಅಮೆರಿಕದ ಲೀ ಫಾಕ್. ಅಂದರೆ ದೊಡ್ಡಪ್ಪ ಓದಿದ್ದು ಬೇರೆ ದೇಶದಿಂದ ಬಂದ ಕಥೆ.

ಅಮರ ಚಿತ್ರ ಕಥೆ ಹಾಗಲ್ಲ. ಅದರ ಸಂಪಾದಕ ಅನಂತ ಪೈ ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. 1967ರಲ್ಲಿ ಅವರು ದೆಹಲಿಯಲ್ಲಿ ಟಿ.ವಿ.ಯಲ್ಲಿ ಒಂದು ರಸಪ್ರಶ್ನೆ ನೋಡಿದರಂತೆ. ಮಕ್ಕಳು ಗ್ರೀಸ್ ದೇಶದ ಪುರಾಣದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟರು. ರಾಮನ ತಾಯಿ ಯಾರು ಅಂದರೆ ಸುಮ್ಮನಾದರು. (ನೀವು ಸುಮ್ಮನಾಗಬೇಡಿ. ಉತ್ತರ: ಕೌಸಲ್ಯೆ.) ನಮ್ಮ ಕಥೆಗಳನ್ನು ಚಿತ್ರಕಥೆ ಮಾಡಬೇಕು ಎಂಬ ಹಟ ಅವರಿಗೆ ಹುಟ್ಟಿದ್ದು ಆಗ ಎಂದು ಅವರೇ ಹೇಳುತ್ತಿದ್ದರು.

ಇನ್ನೊಂದು ಹೆಮ್ಮೆಯ ವಿಷಯ. ಅಮರ ಚಿತ್ರ ಕಥೆ ಎಂಬ ಹೆಸರಿನಲ್ಲಿ ಮೊದಲು ಪುಸ್ತಕ ಬಂದದ್ದು ಕನ್ನಡದಲ್ಲಿ, 1965ರಲ್ಲಿ! ಇಂಡಿಯಾ ಬುಕ್ ಹೌಸ್ ಎಂಬ ಪ್ರಕಾಶನ ಸಂಸ್ಥೆಯಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರು ವಿದೇಶದ ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ತಂದರು. ಅವು ಚೆನ್ನಾಗಿ ಮಾರಾಟವಾದವು. ಮೊದಲ ಹತ್ತು ಸಂಖ್ಯೆಗಳು ಅವುಗಳಿಗೆ ಹೋದ್ದರಿಂದ ಅನಂತ ಪೈ ಅವರ 'ಕೃಷ್ಣ' ಪುಸ್ತಕದ ಸಂಖ್ಯೆ 11. ಅದರ ಚಿತ್ರಗಳನ್ನು ಬರೆದವರು ರಾಮ್ ವಾಯಿರ್‌ಕರ್. ಅನಂತ ಪೈ 2011ರಲ್ಲಿ ತೀರಿಕೊಂಡರು. ದೇಶದ ಮಕ್ಕಳೆಲ್ಲ ಅವರನ್ನು 'ಅಂಕಲ್ ಪೈ' ಎಂದೇ ಕರೆಯುತ್ತಿದ್ದರು.

ಚಿತ್ರಕಥೆಯ ಅಂಗಗಳು

1. ಚೌಕ: ಒಂದು ಚೌಕ ಅಂದರೆ ಒಂದು ಗಳಿಗೆ. ದೊಡ್ಡ ಚೌಕ ಬಂದರೆ ಅಲ್ಲಿ ಸ್ವಲ್ಪ ನಿಂತು ನೋಡು ಎಂದು ಅರ್ಥ. ಸಣ್ಣಸಣ್ಣ ಚೌಕ ಸಾಲಾಗಿ ಬಂದರೆ ಕಥೆ ಓಡುತ್ತಿದೆ.

2. ಮಾತಿನ ಬಲೂನು: ಬಾಲ ಯಾರ ಕಡೆ ಇದೆಯೋ ಮಾತು ಅವರದು. ಮೋಡದ ಹಾಗಿದ್ದು ಬಾಲದ ಬದಲು ಸಣ್ಣ ಗುಳ್ಳೆಗಳಿದ್ದರೆ ಅದು ಮನಸ್ಸಿನೊಳಗಿನ ಮಾತು. ಅಂಚು ಮುಳ್ಳುಮುಳ್ಳಾಗಿದ್ದರೆ ಕೂಗು.

3. ಕಥೆಗಾರನ ಪಟ್ಟಿ: ಚೌಕದ ಮೇಲೋ ಕೆಳಗೋ ಇರುವ ಉದ್ದನೆಯ ಡಬ್ಬಿ. "ಅದೇ ಸಮಯದಲ್ಲಿ ಗೋಕುಲದಲ್ಲಿ..." ಎಂಬಂಥ ಮಾತು ಇದರಲ್ಲಿರುತ್ತದೆ.

4. ಸಂದು: ಎರಡು ಚೌಕಗಳ ನಡುವಿನ ಬಿಳಿ ಜಾಗ. ಇದರಲ್ಲಿ ಏನೂ ಬರೆದಿರುವುದಿಲ್ಲ. ಆದರೆ ಅರ್ಧ ಕಥೆ ನಡೆಯುವುದು ಇಲ್ಲೇ! ಮಂಡಿ ಮಟ್ಟದ ನೀರಿನಿಂದ ಕುತ್ತಿಗೆ ಮಟ್ಟದ ನೀರಿಗೆ ವಸುದೇವ ನಡೆದದ್ದು ಸಂದಿನಲ್ಲಿ. ಆ ಹೆಜ್ಜೆಗಳನ್ನು ಚಿತ್ರಕಾರ ಬರೆದಿಲ್ಲ, ಅಜ್ಜಿ ಮನಸ್ಸಿನಲ್ಲಿ ಬರೆದುಕೊಂಡರು. ಸಿನಿಮಾದಲ್ಲಿ ಎಲ್ಲವೂ ತಾನೇ ಓಡುತ್ತದೆ. ಚಿತ್ರಕಥೆಯಲ್ಲಿ ಓಡಿಸುವವರು ನಾವು. ಆದ್ದರಿಂದ ಕಾಮಿಕ್ಸ್ ಓದೋದು ಸೋಮಾರಿ ಕೆಲಸ ಅಂತ ಇನ್ನು ಮೇಲೆ ಯಾರೂ ಹೇಳಬೇಡಿ.

ವಿಜ್ಞಾನದ ಮೇಷ್ಟ್ರು ಇನ್ನೊಂದು ತೋರಿಸಿದರು. ಭೂತಗನ್ನಡಿ ಹಿಡಿದು ನೋಡಿದರೆ ಬಣ್ಣವೆಲ್ಲ ಸಣ್ಣ ಚುಕ್ಕೆಗಳು. ಬಣ್ಣದ ಅಚ್ಚಿಗೆ ಸಾಮಾನ್ಯವಾಗಿ ಬಳಸುವುದು ನಾಲ್ಕೇ ಶಾಯಿ: ತಿಳಿನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು. ನೀಲಿ ಚುಕ್ಕೆ ಹಳದಿ ಚುಕ್ಕೆ ಜೊತೆ ಸೇರಿದರೆ ದೂರಕ್ಕೆ ಹಸಿರು ಕಾಣುತ್ತದೆ. ಯಾವ ಮುಖಕ್ಕೆ ಯಾವ ಬಣ್ಣ ಎಂದು ಯಾರೋ ಒಬ್ಬರು ಕೂತು ತೀರ್ಮಾನ ಮಾಡಿರುತ್ತಾರೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ತಂಗಿ ಕೇಳಿದ ಪ್ರಶ್ನೆ

ನನ್ನ ತಂಗಿ ಮೂರನೇ ತರಗತಿ. ಅವಳೂ ಆ ಪುಸ್ತಕಗಳನ್ನೆಲ್ಲ ನೋಡಿದಳು. ಒಂದು ದಿನ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, "ಅಕ್ಕಾ, ರಾಕ್ಷಸರೆಲ್ಲ ಯಾಕೆ ಕಪ್ಪಗೇ ಇರ್ತಾರೆ?"

ನಾನು ಉತ್ತರ ಕೊಡಲಿಲ್ಲ. ನಮ್ಮ ಮನೆಯಲ್ಲಿ ತಂಗಿಯದೇ ಹೆಚ್ಚು ಕಪ್ಪು ಬಣ್ಣ. ಅಂಗಳದಲ್ಲಿ ನಾವು ರಾಮಾಯಣದ ಆಟ ಆಡುವಾಗ ನಾನು ಯಾವಾಗಲೂ ಸೀತೆ, ಅವಳು ಯಾವಾಗಲೂ ಶೂರ್ಪನಖಿ. ಹಾಗೆ ಮಾಡಿದ್ದು ನಾನೇ. ಯಾಕೆ ಅಂತ ಅವಳು ಒಂದು ದಿನವೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಆ ರಾತ್ರಿ ಯೋಚನೆ ಬಂತು.

ಮಾರನೇ ದಿನ ಎಲ್ಲ ಪುಸ್ತಕ ಹರಡಿಕೊಂಡು ಕೂತೆ. ಈ ಸಲ ಅಕ್ಷರ ಬಿಟ್ಟು ಬರೀ ಚಿತ್ರ ನೋಡಿದೆ. ತಂಗಿ ಹೇಳಿದ್ದು ಬಹಳ ಕಡೆ ನಿಜ. ರಾಜಕುಮಾರಿಯರು ಬೆಳ್ಳಗೆ, ಅಸುರರು ಕಪ್ಪಗೆ ಅಥವಾ ಕಂದು. ಫ್ಯಾಂಟಮ್ ಪುಸ್ತಕದಲ್ಲೂ ಅಷ್ಟೆ. ಕಾಡಿನ ಜನ ಕಪ್ಪು, ಅವರನ್ನೆಲ್ಲ ಕಾಪಾಡುವವನು ಮಾತ್ರ ಬಿಳಿಯ. ಅವರು ತಮ್ಮನ್ನು ತಾವೇ ಕಾಪಾಡಿಕೊಳ್ಳಬಾರದಿತ್ತೇ?

ಕನ್ನಡ ಮೇಡಂ ಹತ್ತಿರ ಹೋದೆ. ಅವರು, "ಒಳ್ಳೇ ಪ್ರಶ್ನೆ. ದೊಡ್ಡ ವಿದ್ವಾಂಸರೂ ಈ ಪುಸ್ತಕಗಳ ಬಗ್ಗೆ ಇದನ್ನೇ ಕೇಳಿದ್ದಾರೆ" ಅಂದರು. ಆಮೇಲೆ ಕೇಳಿದರು, "ಕೃಷ್ಣ ಅನ್ನೋ ಪದಕ್ಕೆ ಅರ್ಥ ಏನು?" ನಾನು ನಿಘಂಟು ನೋಡಿದೆ. ಕೃಷ್ಣ ಅಂದರೆ ಕಪ್ಪು! ರಾಮನನ್ನೂ ಶ್ಯಾಮಲ ಎಂದು ವರ್ಣಿಸುತ್ತಾರೆ. ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದೇ ಅವಳ ಮೈಬಣ್ಣದಿಂದ. ಕಥೆಯಲ್ಲಿ ಕಪ್ಪಗಿದ್ದವರು ಕ್ಯಾಲೆಂಡರಿನಲ್ಲಿ, ಪುಸ್ತಕದಲ್ಲಿ ನೀಲಿಯಾದರು, ಇಲ್ಲವೇ ಬೆಳ್ಳಗಾದರು. ಅಕ್ಷರ ಒಂದು ಹೇಳುತ್ತದೆ, ಚಿತ್ರ ಇನ್ನೊಂದು ಹೇಳುತ್ತದೆ. ಬರೀ ಅಕ್ಷರ ಓದುವವರಿಗೆ ಇದು ಗೊತ್ತಾಗುವುದಿಲ್ಲ, ಬರೀ ಚಿತ್ರ ನೋಡುವವರಿಗೂ ಗೊತ್ತಾಗುವುದಿಲ್ಲ.

ಹಾಗಂತ ಆ ಪುಸ್ತಕಗಳನ್ನು ಬಿಸಾಡಬೇಕೇ? ಬೇಡ ಅಂತ ನನ್ನ ಅನಿಸಿಕೆ. ದೊಡ್ಡಪ್ಪ ತಿಂಡಿ ಬಿಟ್ಟು ಕೊಂಡ ಪುಸ್ತಕ ಅವು. ಅವುಗಳಿಂದಲೇ ನನಗೆ ಎಷ್ಟೋ ರಾಜರು, ಸಂತರು ಪರಿಚಯವಾದರು. ಪುಸ್ತಕದ ಮೇಲೆ ಪ್ರೀತಿ ಇಟ್ಟುಕೊಂಡೇ ಅದನ್ನು ಪ್ರಶ್ನೆ ಕೇಳಬಹುದು. ತಂಗಿ ಕೇಳಿದ್ದೂ ಹಾಗೇ. ಕೇಳಿದ ಮೇಲೂ ಅವಳು ಅವನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಾಳೆ.

ನಿಘಂಟಿನಲ್ಲಿ ನೋಡಿದ್ದನ್ನು ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನು ಕೃಷ್ಣೆನಾ?" ಅಂದಳು. ಅಜ್ಜಿ ಒಳಗಿನಿಂದಲೇ "ಹೂಂ ಕಣೇ, ಇನ್ನೇನು ಮತ್ತೆ" ಅಂದರು.

ಈಗ ನಮ್ಮ ಅಂಗಳದ ಆಟದಲ್ಲಿ ಯಾರು ಯಾವ ಪಾತ್ರ ಅಂತ ಚೀಟಿ ಎತ್ತುತ್ತೇವೆ. ಹೋದ ಭಾನುವಾರ ಸೀತೆ ತಂಗಿಗೆ ಬಂತು. ನಾನು ಶೂರ್ಪನಖಿ. ಅವಳು ಸೀತೆಯಾಗಿ ಎಷ್ಟು ಗತ್ತಿನಿಂದ ನಡೆದಳು ಅಂದರೆ, ಲಕ್ಷ್ಮಣನಾಗಿದ್ದ ಪಕ್ಕದ ಮನೆ ಹುಡುಗ ಮೂಗು ಕೊಯ್ಯುವುದನ್ನೇ ಮರೆತ.

ಮಾಡಿ ನೋಡಿ

1. ಒಂದು ಚಿತ್ರಕಥೆಯ ಒಂದು ಪುಟವನ್ನು ಅಕ್ಷರ ಓದದೆ ಚಿತ್ರ ಮಾತ್ರ ನೋಡಿ, ಕಥೆಯನ್ನು ಗೆಳೆಯರಿಗೆ ಹೇಳಿ. ಆಮೇಲೆ ಅಕ್ಷರ ಓದಿ. ಎಲ್ಲಿ ವ್ಯತ್ಯಾಸ ಬಂತು?

2. ಎರಡು ಚೌಕ ಆರಿಸಿ, ನಡುವಿನ ಸಂದಿನಲ್ಲಿ ಏನು ನಡೆದಿರಬಹುದು ಎಂದು ಐದು ವಾಕ್ಯ ಬರೆಯಿರಿ.

3. ನೀವು ಬೆಳಿಗ್ಗೆ ಎದ್ದು ಶಾಲೆಗೆ ಬಂದದ್ದನ್ನು ನಾಲ್ಕೇ ಚೌಕದಲ್ಲಿ ಬರೆಯಿರಿ. ಏನು ಬಿಡುತ್ತೀರಿ, ಏನು ಇಟ್ಟುಕೊಳ್ಳುತ್ತೀರಿ ಎಂಬುದೇ ಕಷ್ಟ.

4. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಹಳೇ ಚಿತ್ರಕಥೆ ಇದೆಯೇ ಎಂದು ಹಿರಿಯರನ್ನು ಕೇಳಿ. ರದ್ದಿಗೆ ಹಾಕುವ ಮುಂಚೆ ಒಮ್ಮೆ ನನಗೆ ತೋರಿಸಿ. ದೊಡ್ಡಪ್ಪನ ಪುಸ್ತಕಗಳಿಗೆ ಹೊದಿಕೆ ಹಾಕಿ ಶಾಲೆಯ ಪುಸ್ತಕದ ಕಪಾಟಿನಲ್ಲಿ ಇಟ್ಟಿದ್ದೇನೆ. ಶನಿವಾರ ಓದಲು ಕೊಡುತ್ತಾರೆ. ದಯವಿಟ್ಟು ಎಂಜಲು ಹಚ್ಚಿ ಪುಟ ತಿರುಗಿಸಬೇಡಿ, ಹಾಳೆ ಹರಿಯುತ್ತದೆ.

 ತಪ್ಪಿದ್ದರೆ ಪೆನ್ಸಿಲಿನಲ್ಲಿ ಅಂಚಿನಲ್ಲೇ ತಿದ್ದಿ.

– ಒಂಬತ್ತನೇ ತರಗತಿಯ ವಿದ್ಯಾರ್ಥಿನಿ