ಆಡಳಿತ ಕನ್ನಡದ ಬೋಧನೆ: ಸಗರನಾಡಿನ ಒಂದು ನಿದರ್ಶನ

ಯಾದಗಿರಿ, ಶಹಾಪುರ, ಸುರಪುರ ಪ್ರದೇಶಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಅಲ್ಲಿನ ಕಚೇರಿ ಭಾಷೆ ಉರ್ದುವಾಗಿತ್ತು. 1956ರ ಏಕೀಕರಣ ಹಾಗೂ 1963ರ ರಾಜಭಾಷಾ ಅಧಿನಿಯಮದ ತರುವಾಯ ಆ ಸ್ಥಾನಕ್ಕೆ ಕನ್ನಡ ಬಂದರೂ ದರಖಾಸ್ತು, ಜಮಾಬಂದಿ, ತಕರಾರು ಮೊದಲಾದ ಪದಗಳು ಬಳಕೆಯಲ್ಲಿ ಉಳಿದವು. ನಾರಾಯಣಪುರ ಜಲಾಶಯದ ಕಾಲುವೆಗಳಿಗೆ ಸರದಿಯಂತೆ ನೀರು ಹರಿಸುವ ಕ್ರಮವನ್ನು 'ವಾರಬಂದಿ' ಎಂದೇ ಕರೆಯಲಾಗುತ್ತದೆ. ರೈತನಿಗೆ ಈ ಪದ ತೊಡಕಲ್ಲ; ನೀರು ಬರುವ, ನಿಲ್ಲುವ ದಿನಗಳನ್ನು ದೀರ್ಘ ಕರ್ಮಣಿ ವಾಕ್ಯದೊಳಗೆ ಹುದುಗಿಸುವ ಪ್ರಕಟಣೆ ತೊಡಕಾಗುತ್ತದೆ. ಅದನ್ನು ತಪ್ಪಾಗಿ ಗ್ರಹಿಸಿದರೆ ಬೆಳೆಗೆ ನೀರಿನ ಸರದಿಯೇ ತಪ್ಪಬಹುದು.

ಇಂಥ ಬರವಣಿಗೆಯನ್ನು ಕಲಿಸುವ ಹೊಣೆ ಕನ್ನಡ ಅಧ್ಯಾಪಕರದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2018ರ ಪಠ್ಯಕ್ರಮದಲ್ಲಿ ಕನ್ನಡ ಬಲ್ಲವರಿಗೆ 'ಆಡಳಿತ ಕನ್ನಡ'ವನ್ನೂ ಅರಿಯದವರಿಗೆ 'ವ್ಯಾವಹಾರಿಕ ಕನ್ನಡ'ವನ್ನೂ ನಿಗದಿಪಡಿಸಿತು. ಅಧ್ಯಾಪಕರ ಸಿದ್ಧತೆಯಾದರೋ ಬಹುಮಟ್ಟಿಗೆ ಕಾವ್ಯ, ಛಂದಸ್ಸು, ಶಾಸನಗಳದು. ಹೀಗಾಗಿ ಈ ಪತ್ರಿಕೆಯು ಹೆಚ್ಚುವರಿ ಕಾರ್ಯಭಾರವೆಂದು ಕಾಣುತ್ತದೆಯೇ ಹೊರತು ವೃತ್ತಿಯ ತಿರುಳೆಂದಲ್ಲ.

ವಾಸ್ತವವಾಗಿ ಈ ಎರಡರ ನಡುವಿನ ಅಂತರ ಅಷ್ಟು ದೊಡ್ಡದಲ್ಲ. ದಾನದ ಭೂಮಿ, ಎಲ್ಲೆ, ಅಳತೆ, ಸಾಕ್ಷಿಗಳನ್ನು ನಿಖರವಾಗಿ ದಾಖಲಿಸುವ ಶಾಸನವೂ ಆಡಳಿತ ಬರಹವೇ. ಅದನ್ನು ಸಂಶೋಧನೆಗೆ ಅರ್ಹವೆಂದು ಭಾವಿಸುವ ವಿಭಾಗಗಳು ಇಂದಿನ ಅರ್ಜಿ, ಆದೇಶ, ಪ್ರಕಟಣೆಗಳಿಗೂ ಅದೇ ಮನ್ನಣೆ ನೀಡುವುದು ಅಗತ್ಯ.