ಮೂರು ಕಂಪನಿ, ಒಂದೇ ಕೆಸರು

ಮೂಡಿಗೆರೆ ಕಡೆಯ ನಮ್ಮ ತೋಟದ ಶೆಡ್ಡಿನಲ್ಲಿ ಮೂರು ಬೈಕುಗಳಿವೆ: ಹೀರೋ ಎಕ್ಸ್‌ಪಲ್ಸ್ 200 4ವಿ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಅಲಾಯ್ ಚಕ್ರದ ಕೆಟಿಎಂ 390 ಅಡ್ವೆಂಚರ್. ಓಡಿಸುವುದೂ ನಾನೇ, ಬಿಚ್ಚಿ ಜೋಡಿಸುವುದೂ ನಾನೇ. ಮಣ್ಣಿಗಿಳಿಯುವ ಹುಡುಗರು ಮೊದಲು ಕೇಳುವುದು, ‘ಯಾವ ಕಂಪನಿ ಒಳ್ಳೇದಣ್ಣಾ?’ ಎಂದು. ಅದಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿಗಳಿವೆ.

1. ಸರ್ವೀಸಿನ ಕಿಲೋಮೀಟರ್ ಲೆಕ್ಕ ಟಾರು ರಸ್ತೆಯದು. ಬೇಸಿಗೆಯಲ್ಲಿ ಸಾಲಾಗಿ ಹೋದರೆ ಹಿಂದಿನವನ ಏರ್ ಫಿಲ್ಟರ್ ಒಂದೇ ದಿನಕ್ಕೆ ಕೆಂಪಾಗುತ್ತದೆ. ಫಿಲ್ಟರ್ ತೆಗೆದಾಗ ಅದರಾಚೆ, ಇಂಜಿನ್ನಿನ ಕಡೆ ಬೆರಳಾಡಿಸಿ ನೋಡಿ. ಅಲ್ಲಿ ಧೂಳು ಅಂಟಿದರೆ ಫಿಲ್ಟರಿನ ಅಂಚು ಸರಿಯಾಗಿ ಕೂತಿಲ್ಲ; ಪಿಸ್ಟನ್ ರಿಂಗ್ ಸವೆಯತೊಡಗಿದೆ ಎಂದೇ ತಿಳಿಯಿರಿ. ಕಾಗದದ ಫಿಲ್ಟರನ್ನು ತೊಳೆಯಬೇಡಿ, ಬದಲಾಯಿಸಿ. ಫೋಮಿನದಾದರೆ ತೊಳೆದು, ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ ಹಾಕಬೇಕು.

2. ಪಂಕ್ಚರಿಗೆ ಮನೆಯಲ್ಲೇ ಸಿದ್ಧರಾಗಿ. ಎಕ್ಸ್‌ಪಲ್ಸ್, ಹಿಮಾಲಯನ್ ಎರಡಕ್ಕೂ ಮುಂದಿನ ಚಕ್ರ 21 ಇಂಚು. ಹಿಂದಿನದು ಒಂದಕ್ಕೆ 18, ಇನ್ನೊಂದಕ್ಕೆ 17. ನಾನು ಒಯ್ಯುವುದು 21 ಇಂಚಿನ ಒಂದೇ ಟ್ಯೂಬು. ತುರ್ತಿಗೆ ಅದು ಹಿಂದಿನ ಚಕ್ರದಲ್ಲೂ ಕೂತು ಊರು ಸೇರಿಸುತ್ತದೆ. ಕೆಟಿಎಂ ಟ್ಯೂಬ್‌ಲೆಸ್, ಪ್ಲಗ್ ಸಾಕು. ಆದರೆ ಕಲ್ಲಿಗೆ ಬಡಿದು ರಿಮ್ ಸೊಟ್ಟಗಾದರೆ ಪ್ಲಗ್ಗಿಗೆ ಕೆಲಸವಿಲ್ಲ. ಕಡ್ಡಿ ಚಕ್ರದ ಬೈಕಾದರೆ ಪ್ರತಿ ಸುತ್ತಾಟದ ನಂತರ ಸ್ಪ್ಯಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ. ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ.

3. ಫೋರ್ಕಿನಲ್ಲಿ ಎಣ್ಣೆ ಒಸರಿದ ಕೂಡಲೇ ಹೊಸ ಸೀಲ್ ತರಬೇಡಿ. ಎಷ್ಟೋ ಸಲ ಸೀಲು ಹರಿದಿರುವುದಿಲ್ಲ, ಅಂಚಿನಲ್ಲಿ ಮಣ್ಣು ಸಿಕ್ಕಿರುತ್ತದೆ. ಡಸ್ಟ್ ಸೀಲನ್ನು ಅದರ ಜಾಗದಿಂದ ಸರಿಸಿ, ಹಳೆಯ ಎಕ್ಸ್‌ರೇ ಹಾಳೆಯ ಚೂರನ್ನು ನಯವಾಗಿ ಒಳಗೆ ತೂರಿಸಿ ಸುತ್ತ ಆಡಿಸಿದರೆ ಕಪ್ಪು ಮಡ್ಡಿ ಹೊರಬರುತ್ತದೆ. ಆಮೇಲೂ ಒಸರಿದರೆ ಬದಲಾಯಿಸಿ.

4. ಚೈನು ಬಿಗಿಯಾಗಿದ್ದರೆ ಚೆನ್ನ ಎಂಬುದು ಸುಳ್ಳು. ಗುಂಡಿಗೆ ಇಳಿದಾಗ ಹಿಂದಿನ ಚಕ್ರ ಮೇಲೇರಿ ಚೈನು ತಾನಾಗಿ ಬಿಗಿಯುತ್ತದೆ. ಆಗ ಸಡಿಲಿಕೆ ಇಲ್ಲದಿದ್ದರೆ ಗೇರ್‌ಬಾಕ್ಸಿನ ಬೇರಿಂಗಿಗೆ ಪೆಟ್ಟು. ಓ-ರಿಂಗ್ ಚೈನಿಗೆ ಸೀಮೆಎಣ್ಣೆ ಆದೀತು, ಪೆಟ್ರೋಲ್ ಬೇಡ.

5. ಮೂರೂ ಬೈಕು ಬಿಸಿ ಕಳೆದುಕೊಳ್ಳುವ ಬಗೆ ಬೇರೆ. ಹೀರೋ, ಎನ್‌ಫೀಲ್ಡ್ ಎರಡಕ್ಕೂ ಆಯಿಲ್ ಕೂಲರ್, ಕೆಟಿಎಂಗೆ ಕೂಲೆಂಟ್ ತುಂಬಿದ ರೇಡಿಯೇಟರ್. ರೇಡಿಯೇಟರಿನ ರೆಕ್ಕೆಗಳಲ್ಲಿ ಕೆಸರು ಒಣಗಿತೋ, ಏರು ಹತ್ತುವಾಗ ಕಾವು ಏರುತ್ತದೆ. ಸಣ್ಣ ಪೈಪಿನ ನೀರಲ್ಲೇ ತೊಳೆಯಿರಿ. ವಾಟರ್ ವಾಶಿನ ರಭಸ ರೆಕ್ಕೆಗಳನ್ನು ಮಡಿಸುತ್ತದೆ, ಚಕ್ರದ ಬೇರಿಂಗಿಗೂ ನೀರು ನುಗ್ಗಿಸುತ್ತದೆ.

6. ಹಳ್ಳದಲ್ಲಿ ಬೈಕು ಮುಳುಗಿದರೆ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಏರ್ ಬಾಕ್ಸಿನ ನೀರು ಚೆಲ್ಲಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಟಾಪ್ ಗೇರಿನಲ್ಲಿ ಹಿಂದಿನ ಚಕ್ರ ತಿರುಗಿಸಿ ನೀರು ಹೊರಹಾಕಿ. ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಅದನ್ನು ಬದಲಾಯಿಸದೆ ಓಡಿಸುವಂತಿಲ್ಲ.

7. ತೂಕ ಮುಖ್ಯ. ಎಕ್ಸ್‌ಪಲ್ಸ್ 158 ಕೆ.ಜಿ., ಹಿಮಾಲಯನ್ 199. ಜಾರಿಕೆಯಲ್ಲಿ ಮತ್ತೆ ಮತ್ತೆ ಎತ್ತಿ ನಿಲ್ಲಿಸುವಾಗ ಆ 41 ಕಿಲೋ ಏನೆಂದು ಸೊಂಟಕ್ಕೇ ಗೊತ್ತು. ಉದ್ದ ದಾರಿಗೆ ಹಿಮಾಲಯನ್ ಸುಖ, ಕಾಲುದಾರಿಗೆ ಎಕ್ಸ್‌ಪಲ್ಸ್.

8. ಕವಾಸಕಿ ಕೆಎಕ್ಸ್‌ನಂಥ ಸ್ಪರ್ಧೆಯ ಬೈಕಿನ ಆಸೆಯಿದ್ದರೆ ನೆನಪಿರಲಿ: ಹೆಡ್‌ಲೈಟಿಲ್ಲ, ರಿಜಿಸ್ಟ್ರೇಷನ್ ಇಲ್ಲ, ಟ್ರ್ಯಾಕಿನಾಚೆ ಇಳಿಸುವಂತಿಲ್ಲ. ನಂಬರ್ ಪ್ಲೇಟ್ ಇರುವ ಬೈಕೂ ಅನುಮತಿಯಿಲ್ಲದೆ ಮೀಸಲು ಅರಣ್ಯಕ್ಕೆ ನುಗ್ಗುವಂತಿಲ್ಲ.

ಇನ್ನು ಆ ಹುಡುಗರ ಪ್ರಶ್ನೆ. ಶೋರೂಮಿಗೆ ಹೋಗುವ ಮುಂಚೆ ನಿಮ್ಮ ತಾಲೂಕಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ. ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಲಿವರ್ ಯಾವ ಬೈಕಿನದು ಅಲ್ಲಿ ಕೈಗೆ ಸಿಗುತ್ತದೋ, ನಿಮ್ಮ ಮಟ್ಟಿಗೆ ಅದೇ ಒಳ್ಳೆಯ ಕಂಪನಿ.