ಬಂಗಾರದ ಮೊಲ, ಹದಿನೈದು ಚಿತ್ರ

ಮಕ್ಕಳ ಚಿತ್ರಪುಸ್ತಕ ಓದಿ ದೊಡ್ಡವರು ಗುದ್ದಲಿ ಹಿಡ್ಕೊಂಡು ಹೊರಟ ಕಥೆ ಇದು. 1979ರಲ್ಲಿ ಇಂಗ್ಲೆಂಡಿನ ಚಿತ್ರಕಾರ ಕಿಟ್ ವಿಲಿಯಮ್ಸ್ ‘ಮ್ಯಾಸ್ಕರೇಡ್’ ಎಂಬ ಪುಸ್ತಕ ತಂದರು. ಚಂದ್ರ ಸೂರ್ಯನಿಗೆ ಕಳಿಸಿದ ಒಡವೆಯನ್ನು ಮೊಲವೊಂದು ದಾರಿಯಲ್ಲಿ ಕಳ್ಕೊಳ್ಳುತ್ತೆ, ಕಥೆ ಅಷ್ಟೇ. ಆದರೆ ಆ ಒಡವೆ, ಒಂದು ಚಿನ್ನದ ಮೊಲ, ನಿಜವಾಗಿಯೂ ಮಣ್ಣಲ್ಲಿ ಹೂತಿತ್ತು. ಜಾಗದ ಗುಟ್ಟು ಪುಸ್ತಕದ 15 ಚಿತ್ರಗಳಲ್ಲಿತ್ತು.

ಪ್ರತಿ ಚಿತ್ರದ ಸುತ್ತ ಅಕ್ಷರಗಳ ಚೌಕಟ್ಟು. ಚಿತ್ರದ ಜೀವಿಯ ಎಡಗಣ್ಣಿನಿಂದ ಎಡಗೈಯ ಉದ್ದನೆ ಬೆರಳಿನ ಮೂಲಕ ಗೆರೆ ಎಳೆದು ಮುಂದುವರಿಸಿದರೆ ಚೌಕಟ್ಟಿನ ಒಂದು ಅಕ್ಷರ ಸಿಗುತ್ತೆ. ಆಮೇಲೆ ಎಡಗಣ್ಣಿನಿಂದ ಎಡಗಾಲಿನ ಹೆಬ್ಬೆರಳಿಗೆ, ನಂತರ ಬಲಗಡೆಯೂ ಹಾಗೇ. ಎಲ್ಲ ಸೇರಿಸಿದರೆ ಬರುವ ಸೂಚನೆಯ ಅರ್ಥ: ಹಗಲು ರಾತ್ರಿ ಸಮವಾಗುವ ದಿನ ನಡುಮಧ್ಯಾಹ್ನ ಕ್ಯಾಥರೀನಳ ನೆರಳು ತೋರುವ ಕಡೆ ನೋಡಿ.

ಯಾವ ಕ್ಯಾಥರೀನ್? ನಮಗೆ ತುಂಬಾ ಇಷ್ಟವಾದದ್ದು ಇಲ್ಲೇ. ಒಂದೊಂದು ಚಿತ್ರದಿಂದ ಬಂದ ಮಾತಿನ ಮೊದಲ ಇಂಗ್ಲಿಷ್ ಅಕ್ಷರ ಜೋಡಿಸಿದರೆ ‘ಕ್ಲೋಸ್ ಬೈ ಆಂಪ್ಟ್‌ಹಿಲ್’. ಲೆಕ್ಕ ಹಾಕಿ, ಸರಿಯಾಗಿ 15 ಅಕ್ಷರ. ಆ ಊರಿನ ಪಾರ್ಕಿನಲ್ಲಿ ಕ್ಯಾಥರೀನ್ ರಾಣಿಯ ನೆನಪಿನ ಶಿಲುಬೆ ಇದೆ. ಅಂದರೆ ಉತ್ತರದೊಳಗೇ ಒಂದು ಚೆಕ್‌ಸಮ್! ಊಹೆ ಮಾಡಿದವನಿಗೆ ಇದು ಸಿಗಲ್ಲ, ಗೆರೆ ಎಳೆದವನಿಗೆ ಮಾತ್ರ.

1982ರಲ್ಲಿ ಮೊಲ ಸಿಕ್ಕಿತು. ಸಿಕ್ಕಿದ್ದು ಮಾತ್ರ ಒಗಟು ಬಿಡಿಸದವನಿಗೆ. ವಿಲಿಯಮ್ಸರ ಹಳೆಯ ಗೆಳತಿಯ ಕಡೆಯಿಂದ ಅವನಿಗೆ ಜಾಗದ ಸುಳಿವು ಹೋಗಿತ್ತು ಅಂತ 1988ರಲ್ಲಿ ‘ಸಂಡೇ ಟೈಮ್ಸ್’ ಬಯಲು ಮಾಡಿತು. ಪೂರ್ತಿ ಬಿಡಿಸಿದ್ದ ಇಬ್ಬರು ಭೌತಶಾಸ್ತ್ರದ ಮೇಷ್ಟ್ರುಗಳಿಗೆ ಅಗೆದರೂ ಮೊಲ ಕಣ್ಣಿಗೆ ಬೀಳಲಿಲ್ಲ. ಅಂಕ ಕೊಡೋದು ನಮ್ಮ ಕೈಲಿದ್ದರೆ ಪೂರ್ತಿ ಅವರಿಗೇ.

ಕನ್ನಡದಲ್ಲಿ ಇಂಥದ್ದೊಂದು ಮಾಡೋಣ ಅಂತ ಕೂತ್ವಿ. ಮೊದಲಕ್ಷರಗಳಲ್ಲಿ ‘ಬಳಿ’ ಅಡಗಿಸಬೇಕು. ಆದರೆ ‘ಳಿ’ಯಿಂದ ಶುರುವಾಗುವ ಪದ ಎಲ್ಲಿದೆ? ‘ಹತ್ತಿರ’ ಅಂದ್ರೆ ‘ತ್ತಿ’, ‘ಪಕ್ಕ’ ಅಂದ್ರೆ ‘ಕ್ಕ’ ಅಡ್ಡ ಬಂತು. ‘ತ್ತಿ’ ಬದಲು ‘ತಿ’ ಸಾಕಲ್ವಾ ಅಂತ ಒಬ್ಬರ ವಾದ. ಹಾಗೆ ಸಡಿಲ ಬಿಟ್ಟರೆ ಯಾವ ಉತ್ತರವೂ ಸರಿ ಅನಿಸೋಕೆ ಶುರುವಾಗುತ್ತೆ, ಬೇಡ ಅಂದ್ವಿ. ಕೊನೆಗೆ ‘ಸಮೀಪ’ ಒದಗಿತು: ‘ಸಣ್ಣ ಮೀನಿನ ಪಟ’.

ಇನ್ನು ಊರು. ಬೆಂಗಳೂರಿಗೆ ‘ಳೂ’ ಕಾಟ, ದಾವಣಗೆರೆಗೆ ‘ಣ’ ಕಾಟ. ಹಾಸನ ಆಗುತ್ತೆ.